ಕಣಜದವರು

ಜನವರಿ 9

ಡಂಗುರನಿಗೆ ಅಕ್ಕನ ನೆನಪುಗಳು.

ಫೋನಿನಲ್ಲಾದರೆ ನಾವಿಬ್ಬರೂ ಕಚ್ಚಾಡುತ್ತೇವೆ, ಕಾಗದದಲ್ಲಾದರೆ ಮನುಷ್ಯರ ಹಾಗೆ ಇರುತ್ತೇವೆ ಎಂದು ಹೇಳಿದವನು ನೀನೇ. ಹಾಗಾಗಿ ಈ ಕಾಗದ. ಹೇಗೂ ಮನೆಯ ಹತ್ತಿರ ಸಿಗ್ನಲ್ ಇಲ್ಲ. ಶನಿವಾರ ಶನಿವಾರ ಗುಡ್ಡ ಹತ್ತಿ ಹೋಂಸ್ಟೇ ಬುಕಿಂಗ್ ನೋಡಿಕೊಂಡು ಬರುತ್ತೇನೆ, ಅಷ್ಟೇ. ಇಲ್ಲಿಗೆ ಬರುವ ಜನ ಫೋನು ಬಾರದಿರುವುದಕ್ಕೇ ದುಡ್ಡು ಕೊಡುತ್ತಾರೆ ಎಂದರೆ ನನಗೆ ಇನ್ನೂ ನಗು ಬರುತ್ತದೆ.

ಸೀಸನ್ ಮುಗಿದರೂ ಎರಡು ಮನೆಗಳು ತುಂಬಿವೆ. ಕೊಟ್ಟಿಗೆಯಲ್ಲಿ ರಿಟೈರಾದ ಡ್ರಿಲ್ ಮಾಸ್ತರು ಮತ್ತು ಅವರ ಹೆಂಡತಿ. “ದನ ಮಲಗ್ತಿದ್ದ ಜಾಗದಲ್ಲಿ ಮಲಗಿದ್ಮೇಲೆ ನಂಗೆ ನಿದ್ದೆ ಬರೋಕೆ ಶುರುವಾಯ್ತು” ಎಂದು ಮಾಸ್ತರು ಎಲ್ಲರೆದುರೂ ಹೇಳುತ್ತಾರೆ. “ನಿಮ್ಮ ಜಾತಿಯವರ ಜೊತೆ ಸೇರಿದ್ರಲ್ಲ, ಅದಕ್ಕೆ” ಎನ್ನುತ್ತಾರೆ ಆಕೆ. ಹುಲ್ಲಟ್ಟದ ಹೆಂಚು ಜಾರುತ್ತಿವೆ, ಅದನ್ನು ಸದ್ಯಕ್ಕೆ ಮುಚ್ಚಿದ್ದೇನೆ.

ಕಣಜದಲ್ಲಿ ಒಬ್ಬ ಹೆಂಗಸು, ಜೊತೆಗೆ ಏಳೆಂಟು ವರ್ಷದ ಮಗಳು. ನನ್ನ ಪದ್ಧತಿ ಗೊತ್ತಲ್ಲ, ಬಂದವರ ಹೆಸರು ಕೇಳುವುದಿಲ್ಲ, ಇಳಿದುಕೊಂಡ ಮನೆಯ ಹೆಸರಿನಿಂದಲೇ ಕರೆಯುವುದು. ಹಾಗಾಗಿ ಇವರು ಕಣಜದವರು. ರಜೆಗೆ ಬಂದವರ ಲಕ್ಷಣ ಒಂದೂ ಇಲ್ಲ. ಸುತ್ತಾಡುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಶಾಲೆಯಲ್ಲಿರಬೇಕಾದ ಹೊತ್ತಿನಲ್ಲಿ ಹುಡುಗಿ ಅಂಗಳದಲ್ಲಿ ಕಲ್ಲು ಜೋಡಿಸುತ್ತ ಕೂತಿರುತ್ತಾಳೆ.

ಬಂದ ಮಾರನೆಯ ದಿನವೇ ಆಕೆ ಕೇಳಿದ್ದು, “ಅಕ್ಕಾ, ಬಾಗಿಲಿಗೆ ಒಳಗಡೆ ಚಿಲಕ ಇಲ್ವಲ್ಲ?” ಕಾಳು ತುಂಬುತ್ತಿದ್ದ ಕೋಣೆ ಇದು, ಚಿಲಕ ಹೊರಗಡೆಯೇ ಇರುವುದು, ಕಾಳು ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದಿಲ್ಲವಲ್ಲ, ಮನೆಯನ್ನು ದುರಸ್ತಿ ಮಾಡುವಾಗ ಹಳೆಯದು ಹಳೆಯದರ ಹಾಗೇ ಇರಬೇಕೆಂದು ನನ್ನ ತಮ್ಮ ಹಟ ಹಿಡಿದ, ಎಂದೆ. ಆಕೆ ನಗಲಿಲ್ಲ. ಈಗ ಕತ್ತಲಾದರೆ ಮಂಚವನ್ನು ಬಾಗಿಲಿಗೆ ಅಡ್ಡ ಎಳೆಯುತ್ತಾಳೆ, ಆ ಸದ್ದು ನನ್ನ ಕೋಣೆಯವರೆಗೂ ಬರುತ್ತದೆ. ಒಂದು ಚಿಲಕ ಹಾಕಿಸುತ್ತೇನೆ, ಕೂಗಾಡಬೇಡ.

ಇನ್ನೊಂದು ತಮಾಷೆ. ಆಕೆಯ ಕೈಯಲ್ಲಿರುವುದು ನಿಮ್ಮ ಪ್ರೆಸ್ಸಿನಲ್ಲಿ ಮೊದಲು ತಪ್ಪಾಗಿ ಅಚ್ಚಾದ ಕರಪತ್ರ. ಮನೆಯ ಫೋಟೋ ಎಡಬಲ ತಿರುಗಿ, ಬಾವಿ ಆಚೆ ಬದಿಗೆ ಹೋಗಿತ್ತಲ್ಲ, ಅದು. ಬಾವಿ ಈಚೆ ಇರುವುದು ನೋಡಿ ಬೇರೆ ಯಾರದೋ ಮನೆಗೆ ಬಂದೆವೇನೋ ಎಂದು ಗಾಬರಿಯಾದಳಂತೆ. ಅವನ್ನು ಹೊರಗೆ ಬಿಡಲಿಲ್ಲ, ಪ್ರೆಸ್ಸಿನವರೇ ಹಂಚಿಕೊಂಡೆವು ಎಂದಿದ್ದೆಯಲ್ಲ? ಯಾರಿಗೆ ಕೊಟ್ಟಿದ್ದೆ? ನಿನ್ನ ಸ್ನೇಹಿತರ ಮನೆಯವರಾದರೆ ಬಾಡಿಗೆ ಸ್ವಲ್ಪ ಬಿಡೋಣ.

ಅಕ್ಕ

ಜನವರಿ 16

ಹೆಡ್‌ಮಿಸ್ ಅಕ್ಕನಿಗೆ,

ಚಿಲಕದ ವಿಷಯ ಓದಿ ಮೈ ಉರಿಯಿತು. ಆ ಬಾಗಿಲಿಗಾಗಿ ನಾನು ಎರಡು ವರ್ಷದ ರಜೆಯನ್ನೆಲ್ಲ ಮರಳುಕಾಗದ ಹಿಡಿದು ಉಜ್ಜುತ್ತ ಕಳೆದಿದ್ದೇನೆ. ಅದಕ್ಕೆ ಅಂಗಡಿಯ ಪಳಪಳ ಚಿಲಕ ಬಡಿದರೆ ಕಣಜ ಹೋಗಿ ಲಾಡ್ಜ್ ರೂಮಾಗುತ್ತದೆ. ಯಾರೋ ಪುಕ್ಕಲು ಹೆಂಗಸು ಕೇಳಿದಳೆಂದು ಮೊಳೆ ಹೊಡೆಯಬೇಡ.

ಆದರೆ ಅಕ್ಕಾ, ಕರಪತ್ರದ ಮಾತು ಓದಿದ ಮೇಲೆ ಕೋಪ ಎಲ್ಲಿ ಹೋಯಿತೋ. ಆ ತಪ್ಪು ಪ್ರತಿಗಳನ್ನು ತೆಗೆದುಕೊಂಡವರು ಮೆಷಿನ್ನಿನ ಇಬ್ಬರು, ಬೈಂಡಿಂಗಿನವನು ಮತ್ತು ನಮ್ಮ ಫೋರ್‌ಮನ್. ಫೋರ್‌ಮನ್ನರ ಹೆಂಡತಿ ಮಗಳನ್ನು ಕರೆದುಕೊಂಡು ಹೇಳದೆ ಕೇಳದೆ ಹೋಗಿ ತಿಂಗಳ ಮೇಲಾಯಿತು. ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಹುಡುಗಿ ಎಡಗೈಯಲ್ಲಿ ಬರೆಯುತ್ತಾಳಾ, ನೋಡಿ ತಿಳಿಸು.

ನೀನು ಅವರನ್ನು ನೋಡಿಲ್ಲ. ನನಗೆ ಕಾಮಾಲೆಯಾದಾಗ ಎರಡು ತಿಂಗಳು ನನ್ನ ಕೆಲಸವನ್ನೂ ತಾವೇ ಮಾಡಿ, ಮಾಲೀಕರಿಗೆ ತುಟಿಪಿಟಕ್ಕೆನ್ನದೆ ನನ್ನ ನೌಕರಿ ಉಳಿಸಿದವರು. ಹತ್ತು ವರ್ಷದಲ್ಲಿ ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಬಣ್ಣ ಕೂದಲೆಳೆಯಷ್ಟು ಆಚೀಚೆಯಾದರೂ ಹಿಡಿಯುತ್ತಿದ್ದ ಮನುಷ್ಯ ಈಗ ಮೊನ್ನೆ ಒಂದು ಮದುವೆ ಪತ್ರಿಕೆಯನ್ನು ತಲೆಕೆಳಗಾಗಿ ಬಿಟ್ಟರು. ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯುತ್ತಾರೆ.

ನಾನಿನ್ನೂ ಬಾಯಿ ಬಿಟ್ಟಿಲ್ಲ. ನೀನು ಹೌದೆಂದರೆ ಸಾಕು.

ನಿನ್ನ ತಮ್ಮ

ಜನವರಿ 22

ತಮ್ಮಾ,

ಹೌದು. ಎಡಗೈ.

ಹೌದೆಂದು ಬರೆಯದೆ ಇರಬಹುದಿತ್ತು. ಆದರೆ ನಿನಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ, ಮತ್ತು ನಿನ್ನಿಂದ ಮಾತು ತೆಗೆದುಕೊಳ್ಳಬೇಕಾದರೆ ನಿಜ ಹೇಳಲೇಬೇಕು. ಯಾರಿಗೂ ಹೇಳಬೇಡ. ಫೋರ್‌ಮನ್‌ಗಂತೂ ಸರ್ವಥಾ ಹೇಳಬೇಡ. ಸುಮ್ಮನೆ ಕುತೂಹಲಕ್ಕೆ ಆ ಕರಪತ್ರದ ಮಾತೆತ್ತಿದೆನಲ್ಲ, ಅದಕ್ಕೆ ನನ್ನ ನಾಲಿಗೆಗೇ ಬರೆ ಹಾಕಬೇಕು.

ನಿನ್ನ ಕಾಗದ ಬಂದ ದಿನ ಆಕೆಯ ಹತ್ತಿರ ಕೂತು ಕೇಳಿದೆ. ತಮ್ಮ ಪ್ರೆಸ್ಸಿನಲ್ಲಿದ್ದಾನೆ ಎಂದು ನಾನು ಹೇಳಿದ ಕೂಡಲೇ ಆಕೆ ಎದ್ದು ಬಟ್ಟೆ ತುಂಬತೊಡಗಿದಳು. ಕೈ ಹಿಡಿದು ಕೂರಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆಮೇಲೆ ಹೇಳಿದಳು. ಹೇಳಿದ್ದನ್ನೆಲ್ಲ ಬರೆಯುವುದಿಲ್ಲ, ಅದು ಆಕೆಯದು. ಪೊಲೀಸರಿಗೆ ತಿಳಿಸೋಣ ಎಂದೆ. ಒಮ್ಮೆ ತಿಳಿಸಿದ್ದಳಂತೆ. ಅವರು ಇಬ್ಬರಿಗೂ ಬುದ್ಧಿ ಹೇಳಿ, ಅವನ ಜೊತೆಗೇ ಮನೆಗೆ ಕಳಿಸಿದರಂತೆ. ಅದರ ಮುಂದಿನ ವಾರದ ಮಾತು ಬಂದಾಗ ಆಕೆ ಎದ್ದುಹೋಗಿ ಮಂಚವನ್ನು ಬಾಗಿಲಿಗೆ ಎಳೆದಳು.

ನಾನು ಕಣ್ಣಾರೆ ಕಂಡದ್ದು ಇಷ್ಟು. ಮಾಸ್ತರನ್ನು ನೋಡಲು ಅವರ ಅಳಿಯ ಕಾರಿನಲ್ಲಿ ಬಂದ. ಕಾರಿನ ಸದ್ದಿಗೆ ಹುಡುಗಿ ಕಲ್ಲುಗಳನ್ನು ಬಿಟ್ಟು ಒಳಗೆ ಓಡಿದಳು. ಹೋಗಿ ನೋಡಿದರೆ ಮಂಚದ ಕೆಳಗೆ ಮಲಗಿದ್ದಾಳೆ. ಅಳುತ್ತಿಲ್ಲ. ಕಾಲಿಗೆ ಶೂ ಹಾಕಿಕೊಂಡಿದ್ದಾಳೆ, ಲೇಸು ಕಟ್ಟಿಕೊಂಡಿದ್ದಾಳೆ. ದಿನವೂ ಹಾಗೇ ಮಲಗುವುದಂತೆ, ಓಡಬೇಕಾಗಿ ಬಂದರೆ ಇರಲಿ ಅಂತ.

ಒಳಗಡೆ ಚಿಲಕ ಹಾಕಿದೆ. ನಾನೇ ಹಾಕಿದೆ. ಸೊಟ್ಟಗಾಗಿದೆ, ಬೇಕಾದಷ್ಟು ಬಯ್ಯಿ. ಆದರೆ ಬಾಯಿ ಮಾತ್ರ ಮುಚ್ಚಿಕೊಂಡಿರು. ನನ್ನ ಮೇಲೆ ಆಣೆ.

ಅಕ್ಕ

ಜನವರಿ 29

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕಾರು ಸಲ ಓದಿದೆ. ಒಬ್ಬರ ಮಾತು ಕೇಳಿ ತೀರ್ಪು ಕೊಡುವುದು ನಿನಗೆ ಮೊದಲಿನಿಂದಲೂ ಚಟ.

ಮಕ್ಕಳು ಏನೇನೋ ಆಟ ಆಡುತ್ತಾರೆ. ಶೂ ಹಾಕಿಕೊಂಡು ಮಲಗಿದ್ದನ್ನೇ ಸಾಕ್ಷಿ ಮಾಡಿಕೊಂಡು ಒಬ್ಬ ತಂದೆಯಿಂದ ಮಗಳನ್ನು ದೂರ ಇಡುವ ಅಧಿಕಾರ ನಮಗೆ ಯಾರು ಕೊಟ್ಟರು? ಗಂಡ ಹೆಂಡತಿ ಅಂದ ಮೇಲೆ ಮಾತು ಬರುತ್ತದೆ, ಹೋಗುತ್ತದೆ. ನೀನು ನಿನ್ನ ಗಂಡನ ಮನೆ ಬಿಟ್ಟು ಬಂದೆ. ಸರಿ, ಅವತ್ತು ನಿನ್ನ ಪೆಟ್ಟಿಗೆ ಹೊತ್ತವನು ನಾನೇ, ಒಂದು ಪ್ರಶ್ನೆ ಕೇಳಲಿಲ್ಲ. ಹಾಗೆಂದು ನಿನ್ನ ಹೊಸಿಲು ತುಳಿದ ಹೆಂಗಸರೆಲ್ಲ ನೀನೇ ಆಗಿಬಿಡುವುದಿಲ್ಲ. ಅವಳ ಕಥೆಯೊಳಗೆ ನಿನ್ನ ಕಥೆ ತುರುಕಬೇಡ.

ನಾನು ಅವರಿಗೆ ಜಾಗ ಹೇಳಿಲ್ಲ. “ಎಲ್ಲೋ ಒಂದು ಕಡೆ ಕ್ಷೇಮವಾಗಿದ್ದಾರಂತೆ ಸಾರ್, ಚಿಂತೆ ಬಿಡಿ” ಎಂದೆ ಅಷ್ಟೇ. ಅಷ್ಟಾದರೂ ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ. ಅವರು ನನ್ನ ಮುಖವನ್ನೇ ನೋಡಿದರು. ಎಲ್ಲಿ, ಯಾರು ಹೇಳಿದರು, ಒಂದನ್ನೂ ಕೇಳಲಿಲ್ಲ. ನನ್ನ ಭುಜ ತಟ್ಟಿ ಕೆಲಸಕ್ಕೆ ಹೋದರು. ಅಂಥ ಮನುಷ್ಯ ಅವರು. ಅವತ್ತಿನಿಂದ ದಿನವೂ ಮಧ್ಯಾಹ್ನ ನನ್ನ ಜೊತೆಯೇ ಊಟಕ್ಕೆ ಕೂರುತ್ತಾರೆ.

ತಮ್ಮ

ಫೆಬ್ರವರಿ 5

ಪ್ರೀತಿಯ ತಮ್ಮನಿಗೆ,

ನೀನು ಹೇಳಿದ್ದನ್ನು ಯೋಚಿಸಿದೆ. ನನ್ನ ಗಂಡನ ವಿಷಯ ಎತ್ತಿದ್ದಕ್ಕೆ ಮೊದಲು ಸಿಟ್ಟು ಬಂತು, ಆಮೇಲೆ ಇಳಿಯಿತು. ನಿನ್ನ ಮಾತಿನಲ್ಲೂ ಹುರುಳಿರಬಹುದು. ಒಂದು ಸಂಸಾರ ಒಡೆದ ಪಾಪ ನನಗೇಕೆ?

ಕಣಜದವರು ಆರಾಮವಾಗಿದ್ದಾರೆ. ಈ ತಿಂಗಳ ಕೊನೆಯವರೆಗೂ ಇಲ್ಲೇ ಇರುತ್ತಾರೆ, ಬೇರೆ ಎಲ್ಲಿಗೂ ಹೋಗುವ ಯೋಚನೆ ಇಲ್ಲ. ನಾನೂ ಹತ್ತಿರ ಕೂತು ಮೆಲ್ಲಗೆ ಮನಸ್ಸು ತಿದ್ದುತ್ತಿದ್ದೇನೆ. ನಿಮ್ಮ ಫೋರ್‌ಮನ್ ಬರಲೇಬೇಕೆಂದಿದ್ದರೆ ಅವಸರ ಮಾಡದೆ ಇಪ್ಪತ್ತರ ಮೇಲೆ ಬರಲಿ. ಅದಕ್ಕೆ ಮೊದಲು ಬಂದರೆ ಕೆಲಸ ಕೆಡುತ್ತದೆ.

ಹುಲ್ಲಟ್ಟಕ್ಕೆ ಹೆಂಚು ಹೊದಿಸುವವನು ಇನ್ನೂ ಬಂದಿಲ್ಲ. ಉಳಿದಂತೆ ಎಲ್ಲ ಸರಿಯಾಗಿದೆ.

ಅಕ್ಕ

ಫೆಬ್ರವರಿ 12

ನನ್ನ ಬಂಗಾರದ ಅಕ್ಕನಿಗೆ,

ನಿನ್ನ ಕಾಗದ ನೋಡಿ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ನೀನು ಸೋತದ್ದನ್ನು ಒಪ್ಪಿಕೊಂಡದ್ದು ಹುಟ್ಟಿದಾಗಿನಿಂದ ಇದೇ ಮೊದಲು, ಫ್ರೇಮು ಹಾಕಿಸಿ ಇಡಬೇಕು.

ಅವರಿಗೆ ಹೇಳಿಬಿಟ್ಟೆ. ನನ್ನ ಮಾತು ನಂಬಲಾರದೆ ಕೂತರು, ಅದಕ್ಕೆ ನಿನ್ನ ಕಾಗದವನ್ನೇ ಕೈಗೆ ಕೊಟ್ಟೆ. ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಿಮ್ಮಕ್ಕ ದೊಡ್ಡ ಮನುಷ್ಯಳು ಕಣಪ್ಪ” ಎಂದರು. ಇಪ್ಪತ್ತನಾಲ್ಕಕ್ಕೆ ಟಿಕೆಟ್ ಮಾಡಿಸಿದ್ದಾರೆ. ಮಗಳಿಗೆ ಬಣ್ಣದ ಪೆಟ್ಟಿಗೆ ಕೊಂಡಿದ್ದಾರೆ, ಅಂಗಡಿಗೆ ನಾನೂ ಹೋಗಿದ್ದೆ. ಭಾನುವಾರ ಅವರ ಮನೆಗೆ ಊಟಕ್ಕೆ ಕರೆದಿದ್ದಾರೆ.

ತಮ್ಮ

ಫೆಬ್ರವರಿ 18, ಭಾನುವಾರ ಸಂಜೆ

ಅಕ್ಕಾ, ಅವರನ್ನು ಅಲ್ಲಿಂದ ಕಳಿಸಿಬಿಡು. ಈ ಕಾಗದ ಓದುತ್ತಿರುವಾಗಲೇ ಕಳಿಸು.

ಫೋನು ಮಾಡಿ ಮಾಡಿ ಸಾಕಾಯಿತು. ಮೆಸೇಜು ಹಾಕಿದ್ದೇನೆ. ನೀನು ಶನಿವಾರದವರೆಗೆ ಗುಡ್ಡ ಹತ್ತುವುದಿಲ್ಲ ಎಂದು ಗೊತ್ತು, ಆದರೂ ಹಾಕಿದ್ದೇನೆ.

ಇವತ್ತು ಊಟಕ್ಕೆ ಹೋಗಿದ್ದೆ. ಅವರೇ ಅಡುಗೆ ಮಾಡಿದ್ದರು, ಅವರೇ ಬಡಿಸಿದರು. ಕೈ ತೊಳೆಯಲು ಒಳಗೆ ಹೋದವನು ಮಲಗುವ ಕೋಣೆಯ ಬಾಗಿಲು ನೋಡಿದೆ. ಚಿಲಕ ಹೊರಗಡೆ ಇದೆ. ಒಂದಲ್ಲ, ಮೇಲೊಂದು ಕೆಳಗೊಂದು. ಒಳಗಡೆ ಒಂದೂ ಇಲ್ಲ. ನಾನು ನೋಡಿದ್ದನ್ನು ಅವರು ನೋಡಿದರು. “ಮಗು ನಿದ್ದೇಲಿ ಎದ್ದು ನಡೀತಾಳೆ, ಅದಕ್ಕೆ ಹಾಕ್ಸಿದ್ದು” ಎಂದರು, ನಗುತ್ತಲೇ. ಆದರೆ ಮಗುವಿನ ಮಂಚ ಇರುವುದು ಹಾಲಿನಲ್ಲಿ. ಅವಳ ಪುಸ್ತಕ, ಗೊಂಬೆ, ರಿಬ್ಬನ್ನು ಎಲ್ಲ ಹಾಲಿನಲ್ಲೇ. ಕೋಣೆಯ ಬಾಗಿಲಿನ ಒಳಮೈಯಲ್ಲಿ ಬಣ್ಣ ಕಿತ್ತುಹೋಗಿದೆ, ಮಗುವಿನ ಎತ್ತರಕ್ಕಲ್ಲ, ನೆಲದಲ್ಲಿ ಕೂತ ದೊಡ್ಡವರ ಎತ್ತರಕ್ಕೆ. ಉಗುರಿನಿಂದ ಕೆರೆದ ಹಾಗೆ. ಬಾಗಿಲು ಉಜ್ಜಿ ಗೊತ್ತಿರುವವನು ನಾನು, ಯಾವ ಗುರುತು ಯಾವುದರದೆಂದು ನನಗೆ ಬೇರೆಯವರು ಹೇಳಬೇಕಿಲ್ಲ.

ವಾಪಸು ಬಂದು ಕೂತು ಪೂರ್ತಿ ಊಟ ಮಾಡಿದೆ, ಅಕ್ಕಾ. ಎರಡನೇ ಸಲ ಬಡಿಸಿಕೊಂಡೆ. ಎದ್ದು ಬರಲು ಧೈರ್ಯವಾಗಲಿಲ್ಲ.

ಹೊರಡುವಾಗ ಹೇಳಿದರು, ಟಿಕೆಟ್ಟಿನ ತಾರೀಖು ಮುಂಚೆಗೆ ಬದಲಾಯಿಸಿಕೊಂಡಿದ್ದಾರಂತೆ, ನಾಳೆಯೇ ಹೊರಡುತ್ತಾರಂತೆ. ಹೋಗಬೇಡಿ ಎಂದೆ. “ಯಾಕೆ?” ಎಂದರು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದುಬಿಟ್ಟೆ. ನಾನೇ ಬಂದುಬಿಡುತ್ತಿದ್ದೆ, ಆದರೆ ಬುಧವಾರದವರೆಗೆ ಯಾವ ಗಾಡಿಯಲ್ಲೂ ಜಾಗವಿಲ್ಲ.

ಅವಳನ್ನು ಪುಕ್ಕಲು ಎಂದು ಬರೆದಿದ್ದೆ. ಅದನ್ನು ಹರಿದುಹಾಕು.

ಫೆಬ್ರವರಿ 24

ತಮ್ಮಾ,

ನಿನ್ನ ಕಾಗದ ನಿನ್ನೆ ಕೈಗೆ ಬಂತು, ಮೆಸೇಜುಗಳನ್ನು ಇವತ್ತು ಗುಡ್ಡದ ಮೇಲೆ ನೋಡಿದೆ. ಅವನು ಬುಧವಾರವೇ ಬಂದು ಹೋದ. ನಿಧಾನವಾಗಿ ಓದು.

ಅಂಗಳದಲ್ಲಿ ನಾನು ಮತ್ತು ಕೊಟ್ಟಿಗೆಯ ದಂಪತಿ ಇಸ್ಪೀಟು ಆಡುತ್ತಿದ್ದೆವು. ಅವನು ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಬಣ್ಣದ ಪೆಟ್ಟಿಗೆ. “ನೀವು ಅಕ್ಕ ಅಲ್ವಾ? ನಿಮ್ಮ ತಮ್ಮ ದಿನಾ ನಿಮ್ಮ ಮಾತೇ ಆಡ್ತಾನೆ” ಎಂದ. ಮನೆಯ ಮರಗೆಲಸವನ್ನು ಹೊಗಳಿದ. ನಾನು ನೀರು ತರಲೆಂದು ಎದ್ದರೆ ಅವನು ನೆಟ್ಟಗೆ ಕಣಜದ ಕಡೆ ನಡೆದ. ನಾನೂ ಹಿಂದೆಯೇ ಹೋದೆ. ಒಳಗೆ ಯಾರೂ ಇರಲಿಲ್ಲ. ಹಾಸಿಗೆ ಸುತ್ತಿಟ್ಟಿತ್ತು.

“ಎಲ್ಲಿ?”

“ಹೋದ್ರು.”

“ನಿಮ್ಮ ಕಾಗದದಲ್ಲಿ ತಿಂಗಳ ಕೊನೇವರೆಗೂ ಇರ್ತಾರೆ ಅಂತ ಇತ್ತು.”

“ತಮ್ಮನಿಗೆ ಬರೆದ ಕಾಗದ ಅದು. ನಿಮಗಲ್ಲ.”

ಅವನು ಬಾಗಿಲು ಮುಚ್ಚಿದ. ನಾನು ಹಾಕಿದ್ದ ಸೊಟ್ಟ ಚಿಲಕವನ್ನು ಒಂದು ಕ್ಷಣ ನೋಡಿ, ಅದನ್ನೂ ಹಾಕಿದ. ಒಳಗೆ ನಾವಿಬ್ಬರೇ. “ನಾನು ಯಾವತ್ತೂ ಕೂಗಾಡಲ್ಲ ಅಕ್ಕಾವ್ರೇ” ಎಂದ. “ಕೂಗಾಡೋ ಹಾಗೆ ಯಾರೂ ಮಾಡ್ಬಾರ್ದು. ಎಲ್ಲಿಗೆ ಕಳಿಸಿದ್ರಿ, ಹೇಳಿ.” ದನಿ ಮೆತ್ತಗೇ ಇತ್ತು. ಇಷ್ಟು ವಯಸ್ಸಾಯಿತು, ನನ್ನ ಮನೆಯೊಳಗೆ ನಿಂತು ಹಾಗೆ ಹೆದರಿದ್ದು ಇದೇ ಮೊದಲು. ಗೊತ್ತಿಲ್ಲ ಎಂದೆ. ಮತ್ತೆ ಕೇಳಿದ. ಮತ್ತೆ ಗೊತ್ತಿಲ್ಲ ಎಂದೆ. ಅವನು ಒಂದು ಹೆಜ್ಜೆ ಹತ್ತಿರ ಬಂದ.

ಆಗ ಮಾಸ್ತರು ಬಾಗಿಲು ಬಡಿದರು. “ಯಜಮಾನ್ರೇ, ಆಟ ಅರ್ಧಕ್ಕೆ ನಿಂತಿದೆ. ಅವರನ್ನ ಕಳಿಸಿ, ಇಲ್ಲಾಂದ್ರೆ ನಾವೇ ಒಳಗೆ ಬರ್ತೀವಿ.” ಮೈದಾನದಲ್ಲಿ ಹುಡುಗರನ್ನು ಸಾಲಿಗೆ ನಿಲ್ಲಿಸುತ್ತಿದ್ದ ಗಂಟಲು ಅದು. ಅವನು ಚಿಲಕ ತೆಗೆದ. ಕೊಟ್ಟಿಗೆ, ಹುಲ್ಲಟ್ಟ, ನನ್ನ ಅಡುಗೆಮನೆ, ಎಲ್ಲ ಹುಡುಕಿದ. ಮಾಸ್ತರು ಕೋಲು ಹಿಡಿದು ಹಿಂದೆ ಹಿಂದೆಯೇ ತಿರುಗಿದರು. ಸಂಜೆ ಬಸ್ಸಿಗೆ ಹೋದ. ಹೋಗುವಾಗ ನನಗೆ ಕೈಮುಗಿದ.

ಈಗ ನಿನಗೆ ಹೇಳಬೇಕಾದ್ದು. ಅವರು ಜನವರಿಯಲ್ಲೇ ಹೊರಟುಹೋದರು. ಎಲ್ಲೋ ಕ್ಷೇಮವಾಗಿದ್ದಾರೆ ಎಂದಷ್ಟೇ ಹೇಳಿದೆ ಎಂದು ನೀನು ಬರೆಯುವುದಕ್ಕೂ ಮೊದಲೇ, ನಿನ್ನಿಂದ ಆಣೆ ತೆಗೆದುಕೊಂಡ ವಾರದಲ್ಲೇ ಕಳಿಸಿದೆ. ಆಣೆ ಹಾಕಿದರೂ ನೀನು ಹೇಳುತ್ತೀಯ ಎಂದು ನನಗೆ ಗೊತ್ತಿತ್ತು. ಫೆಬ್ರವರಿ ಐದರ ಕಾಗದ ಪೂರ್ತಿ ಸುಳ್ಳು. ಅವನು ಹುಡುಕುವುದಾದರೆ ನನ್ನ ಮನೆಯಲ್ಲೇ ಹುಡುಕಲಿ, ಅಷ್ಟರಲ್ಲಿ ಅವರು ಒಂದು ಕಡೆ ನೆಲೆಯಾಗಲಿ ಎಂದು ಬರೆದದ್ದು. ನೀನು ಅದನ್ನು ಅವನಿಗೆ ತೋರಿಸುತ್ತೀಯ ಎಂದೇ ಬರೆದದ್ದು.

ಅಕ್ಕ

ಮಾರ್ಚ್ 2

ಅಕ್ಕಾ,

ಅವರು ಉಳಿದರಲ್ಲ, ಅಷ್ಟು ಸಾಕು ಎಂದು ಮೂರು ದಿನ ನನಗೆ ನಾನೇ ಹೇಳಿಕೊಂಡೆ. ಸಾಕಾಗಲಿಲ್ಲ.

ನಾನು ಇಲ್ಲಿ ಅನ್ನ ನೀರು ಬಿಟ್ಟು ಫೋನಿಗೆ ಅಂಟಿಕೊಂಡು ಕೂತಿದ್ದಾಗ ನೀನು ಇಸ್ಪೀಟು ಆಡುತ್ತಿದ್ದೆ. ನನ್ನನ್ನು ತಮ್ಮನೆಂದು ನೋಡಲಿಲ್ಲ, ಅಂಚೆಪೆಟ್ಟಿಗೆ ಎಂದು ನೋಡಿದೆ. ಮಾಡಿದ್ದು ತಪ್ಪೇ, ಒಪ್ಪುತ್ತೇನೆ. ಆದರೆ ಆ ಬಾಗಿಲು ನೋಡಿದ ಮೇಲೆ ನಾನು ಏನು ಮಾಡಿದೆ ಎಂದೂ ನೋಡು. ಈಗಲಾದರೂ ನನ್ನನ್ನು ನಂಬುತ್ತೀಯೋ ಇಲ್ಲವೋ? ನಂಬುವುದಾದರೆ ಅವರು ಎಲ್ಲಿದ್ದಾರೆ ಹೇಳು. ಹೇಳುವುದಿಲ್ಲ ಎಂದರೆ ನಮ್ಮಿಬ್ಬರ ನಡುವೆ ಇನ್ನು ಬರೆಯಲು ಏನೂ ಇಲ್ಲ.

ಮಾರ್ಚ್ 9

ತಮ್ಮಾ,

ನಿನ್ನ ಕಾಗದ ಓದಿ ಅತ್ತೆ. ನಾನು ಅಳುವವಳಲ್ಲ ಎಂದು ನಿನಗೆ ಗೊತ್ತು.

ನೀನು ಕೇಳಿದ್ದರಲ್ಲಿ ನ್ಯಾಯ ಇದೆ. ನನ್ನ ಪೆಟ್ಟಿಗೆ ಹೊತ್ತವನು ನೀನು, ಒಂದು ಪ್ರಶ್ನೆ ಕೇಳಲಿಲ್ಲ ಎಂಬುದೂ ನಿಜ. ಇಲ್ಲದ ಒಬ್ಬ ತಮ್ಮನನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಇದ್ದ ತಮ್ಮನಿಗೆ ಸುಳ್ಳು ಬರೆದೆ. ನಾನು ಬಾಳುವೆ ಮಾಡುತ್ತಿರುವ ಈ ಮನೆಯ ಒಂದೊಂದು ತೊಲೆಯನ್ನೂ ನಾವಿಬ್ಬರೂ ಸೇರಿ ಎತ್ತಿದ್ದು. ನೀನಿಲ್ಲದೆ ಯಾರಿಗೆ ಬರೆಯಲಿ?

ಹುಡುಗಿ ನಿನಗಾಗಿ ಏನೋ ಬರೆದು ಕಳಿಸಿದ್ದಾಳೆ. ತಾಯಿಗೆ ನಿನ್ನ ಭಾನುವಾರದ ಕಾಗದದ ವಿಷಯ ತಿಳಿಸಿದ್ದೆ. ಅವಳ ಒಪ್ಪಿಗೆ ಕೇಳಿದ್ದೇನೆ. ಒಪ್ಪಿದರೆ, ಎಲ್ಲಿದ್ದಾರೆ, ಏನು ಕೆಲಸ ಹಿಡಿದಿದ್ದಾಳೆ, ಎಲ್ಲವನ್ನೂ ಬರೆದು ಆ ಕಾಗದದ ಜೊತೆಗೇ ನಿನಗೆ ಕಳಿಸುತ್ತೇನೆ.

ಅಕ್ಕ

ಮಾರ್ಚ್ 24

ಅಕ್ಕನಿಗೆ,

ತಾಯಿ ಒಪ್ಪಿದಳೆಂದು ಕಾಣುತ್ತದೆ, ನಿನ್ನ ದಪ್ಪ ಲಕೋಟೆ ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಬಂತು. ಮಧ್ಯಾಹ್ನ ನೆಮ್ಮದಿಯಾಗಿ ಓದೋಣವೆಂದು ಚೀಲದಲ್ಲಿ ಹಾಕಿಕೊಂಡೆ.

ಅವತ್ತೇ ಫೋರ್‌ಮನ್ ರಜೆ ಮುಗಿಸಿ ಬಂದರು. ಅರ್ಧಕ್ಕರ್ಧ ಇಳಿದಿದ್ದಾರೆ. ಊಟದ ಹೊತ್ತಿಗೆ ನನ್ನನ್ನು ಕಾಗದದ ಗೋದಾಮಿಗೆ ಕರೆದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಬಂಡಲಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಟೀಯಲ್ಲಿ ಅರ್ಧ ನನಗೆ ಬಗ್ಗಿಸಿದರು. “ಅವಳು ಬೇಡ ಬಿಡು. ಬರದಿದ್ರೂ ಪರವಾಗಿಲ್ಲ. ಮಗು ಒಂದ್ಸಲ ಕಣ್ಣಿಗೆ ಬಿದ್ರೆ ಸಾಕು. ದೂರದಿಂದ ನೋಡಿ ವಾಪಸ್ ಬರ್ತೀನಿ, ಅವಳಿಗೆ ಗೊತ್ತೂ ಆಗಲ್ಲ” ಎಂದರು. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ನಟನೆಯಲ್ಲ, ಅಕ್ಕಾ. ನಿಜವಾಗಿ ಅತ್ತರು.

ಆ ಬಾಗಿಲು ನನಗೆ ಗೊತ್ತು. ಕಣಜದೊಳಗೆ ನಿನ್ನ ಮೇಲೆ ಚಿಲಕ ಹಾಕಿದ್ದು ಗೊತ್ತು. ಎಲ್ಲ ಗೊತ್ತಿದ್ದೂ ನನ್ನ ಕರುಳು ಚುರುಕ್ ಎಂದಿತು. ನೋಡು, ಈಗಲೂ ಅವನು ಎಂದು ಬರೆಯಲು ಕೈ ಬರುತ್ತಿಲ್ಲ. ಲಕೋಟೆ ನನ್ನ ಮೊಣಕಾಲಿಗೆ ತಾಗಿಕೊಂಡು ಚೀಲದಲ್ಲಿತ್ತು. ಓದಿಲ್ಲದಿದ್ದರಿಂದ “ನಂಗೊತ್ತಿಲ್ಲ ಸಾರ್” ಎಂದೆ, ಅದು ನಿಜವಾಗಿತ್ತು, ಅವರು ನನ್ನ ಮುಖ ನೋಡಿ ನಂಬಿದರು. ಬೆಳಿಗ್ಗೆ ಓದಿದ್ದರೆ ಹೇಳಿಬಿಡುತ್ತಿದ್ದೆ. ಇದನ್ನು ಬೇರೆ ಯಾರಿಗಾದರೂ ಬರೆದರೆ ನಾಚಿಕೆಯಾಗುತ್ತದೆ, ನಿನಗೆ ಬರೆಯಬಹುದು, ನಿನಗೆ ಮೊದಲೇ ಗೊತ್ತಿತ್ತು.

ಅವರು ನಾಳೆಯೂ ಕೇಳುತ್ತಾರೆ. ಬೇರೆ ಕಡೆ ಕೆಲಸ ಹುಡುಕುತ್ತಿದ್ದೇನೆ, ಸಿಗುವವರೆಗೆ ದಿನವೂ ಕೇಳುತ್ತಾರೆ. ಹುಡುಗಿ ನನಗೇನು ಬರೆದಿದ್ದಾಳೋ, ನೋಡಬೇಕೆಂದು ಜೀವ ಒದ್ದಾಡುತ್ತಿದೆ. ಆದರೂ ನಿನ್ನ ಲಕೋಟೆಯನ್ನು ಇದರೊಳಗೇ ಇಟ್ಟು ವಾಪಸು ಕಳಿಸುತ್ತಿದ್ದೇನೆ. ಅಂಟು ಬಿಡಿಸಿಲ್ಲ, ಬೆಳಕಿಗೂ ಹಿಡಿದು ನೋಡಿಲ್ಲ. ಅವರೆಲ್ಲಿದ್ದಾರೆ ಎಂದು ನನಗೆ ಹೇಳಬೇಡ. ನಾನೇ ಬಂದು ನಿನ್ನ ಕಾಲು ಹಿಡಿದು ಕೇಳಿದರೂ ಹೇಳಬೇಡ.

ನಿನ್ನ ತಮ್ಮ